ಮೊದಲು ಹಣ ಕಟ್ಟಿ, ಆಮೇಲೆ ತಕರಾರು: ತೆರಿಗೆ ಮೇಲ್ಮನವಿಯ ಠೇವಣಿ ಕುರಿತು ದಿಲ್ಲಿ ಕನ್ನಡಿಗರು ತಿಳಿದಿರಬೇಕಾದದ್ದು

ಹೊಸದಿಲ್ಲಿ: ರಾಜಧಾನಿಗೆ ಬಂದಿಳಿಯುವ ಕನ್ನಡಿಗರಿಗೆ ಚಾಣಕ್ಯಪುರಿ ಎಂದೊಡನೆ ನೆನಪಾಗುವುದು ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಹಳೆಯ ಕಟ್ಟಡದ ಜಾಗದಲ್ಲಿ ಎದ್ದುನಿಂತ 'ಕಾವೇರಿ' 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಗೊಂಡಿತು. ಬಡಾವಣೆಗೂ ರಸ್ತೆಗೂ ಹೆಸರು ಕೊಟ್ಟ ಆ ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು ಲೋಕಕ್ಕೆ ಮರಳಿ ಕೊಟ್ಟವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1905ರಲ್ಲಿ ಅವರು ತಾಳೆಗರಿಯ ಪ್ರತಿಯನ್ನು ಗುರುತಿಸಿದರು, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು.

ತೆರಿಗೆಯ ಬಗ್ಗೆ ಅಷ್ಟೊಂದು ಬರೆದ ಚಾಣಕ್ಯನ ಹೆಸರಿನ ಈ ಬಡಾವಣೆಗೂ ತೆರಿಗೆಯ ನೋಟಿಸು ಬರುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು, "ಅಪೀಲು ಹಾಕಿದರಾಯಿತು ಬಿಡಿ" ಎಂಬುದು. ಅಪೀಲು ಹಾಕುವುದು ಅಷ್ಟು ಸುಲಭವಲ್ಲ ಎಂಬುದು ತಿಳಿಯುವ ಹೊತ್ತಿಗೆ ಅನೇಕರ ವಾಯಿದೆ ಮುಗಿದಿರುತ್ತದೆ. ತಕರಾರಿನ ಹಣವನ್ನು ಪೂರ್ತಿಯಾಗಿಯೋ ಭಾಗಶಃವೋ ಮುಂಗಡವಾಗಿ ಕಟ್ಟದಿದ್ದರೆ ಹಲವು ತೆರಿಗೆಗಳಲ್ಲಿ ಮೇಲ್ಮನವಿಯ ವಿಚಾರಣೆಯೇ ನಡೆಯುವುದಿಲ್ಲ. ಇದನ್ನೇ 'ಪೂರ್ವ ಠೇವಣಿ' ಎನ್ನುತ್ತಾರೆ. ಮನೆ ತೆರಿಗೆಗೆ ಒಂದು ಲೆಕ್ಕ, ಜಿಎಸ್‌ಟಿಗೆ ಇನ್ನೊಂದು, ಆದಾಯ ತೆರಿಗೆಗೆ ಮತ್ತೊಂದು. ಸಂಘದ ಸದಸ್ಯರಲ್ಲಿ ನಿವೃತ್ತರೂ ಸಣ್ಣ ಹೊಟೇಲಿನವರೂ ಬಹಳ ಮಂದಿ ಇರುವುದರಿಂದ ಈ ಮೂರರ ಪರಿಚಯ ಎಲ್ಲರಿಗೂ ಅಗತ್ಯ.

ರಾಯಭಾರ ಕಚೇರಿಗೆ ವಿನಾಯಿತಿ, ಭವನಕ್ಕೂ ವಿನಾಯಿತಿ

ಚಾಣಕ್ಯಪುರಿಯ ಹೆಚ್ಚಿನ ಜಾಗ ವಿದೇಶಿ ರಾಯಭಾರ ಕಚೇರಿಗಳದ್ದು. 1961ರ ವಿಯೆನ್ನಾ ಒಪ್ಪಂದದ 23ನೇ ವಿಧಿಯಂತೆ ಈ ಕಚೇರಿಗಳ ಕಟ್ಟಡಗಳಿಗೆ ಸ್ಥಳೀಯ ತೆರಿಗೆ ಇಲ್ಲ. ನಿರ್ದಿಷ್ಟ ಸೇವೆಗಳಿಗೆ ಶುಲ್ಕ ಮಾತ್ರ ಉಂಟು.

ನಂತರ ಬರುವುದು ರಾಜ್ಯಗಳ ಭವನಗಳು. ಇವುಗಳ ಮೇಲೆ ತೆರಿಗೆ ಹಾಕಬಹುದೇ ಎಂಬ ವಿವಾದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತನಕ ಹೋಯಿತು. ಎನ್‌ಡಿಎಂಸಿ ಮತ್ತು ಪಂಜಾಬ್ ರಾಜ್ಯದ ನಡುವಿನ ಮೊಕದ್ದಮೆ ಎಂದೇ ಇದು ಪ್ರಸಿದ್ಧ. 1996ರ ಡಿಸೆಂಬರ್ 19ರಂದು ಪೀಠ ಬಹುಮತದ ತೀರ್ಪು ಕೊಟ್ಟಿತು. ದಿಲ್ಲಿ ಕೇಂದ್ರಾಡಳಿತ ಪ್ರದೇಶವಾದ್ದರಿಂದ ಇಲ್ಲಿಯ ಆಸ್ತಿ ತೆರಿಗೆಯನ್ನು ಕೇಂದ್ರದ ತೆರಿಗೆ ಎಂದೇ ಪರಿಗಣಿಸಬೇಕು, ಸಂವಿಧಾನದ 289ನೇ ವಿಧಿಯಂತೆ ರಾಜ್ಯಗಳ ಆಸ್ತಿಗೆ ಅದರಿಂದ ವಿನಾಯಿತಿ ಇದೆ, ವ್ಯಾಪಾರಕ್ಕೆ ಬಳಸುವ ಜಾಗಕ್ಕೆ ಮಾತ್ರ ವಿನಾಯಿತಿ ಸಿಗದು ಎಂಬುದು ಅದರ ಸಾರಾಂಶ.

ಹೀಗೆ ರಾಯಭಾರಿಗಳೂ ರಾಜ್ಯಗಳೂ ಪಾರಾದ ಮೇಲೆ ಬಿಲ್ಲು ಬರುವುದು ಖಾಸಗಿ ಮಾಲೀಕರಿಗೆ. ದುಡಿದ ಹಣದಲ್ಲಿ ಫ್ಲ್ಯಾಟು ಕೊಂಡವರು, ತಂದೆಯ ಕಾಲದ ಮನೆಯಲ್ಲಿ ಉಳಿದವರು, ಅಂಗಡಿ ಇಟ್ಟವರು ಈ ಸಾಲಿನಲ್ಲಿದ್ದಾರೆ. ಠೇವಣಿಯ ಭಾರ ಬೀಳುವುದೂ ಇವರ ಮೇಲೆಯೇ.

ಎನ್‌ಡಿಎಂಸಿ ಕಾನೂನು ಏನು ಹೇಳುತ್ತದೆ?

ಚಾಣಕ್ಯಪುರಿ, ಗೋಲ್ ಮಾರ್ಕೆಟ್, ಜೋರ್ ಬಾಗ್, ಗಾಲ್ಫ್ ಲಿಂಕ್ಸ್ ಮುಂತಾದವು ನವದೆಹಲಿ ನಗರಪಾಲಿಕಾ ಪರಿಷತ್ತಿನ, ಅಂದರೆ ಎನ್‌ಡಿಎಂಸಿಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿ 1994ರ ಎನ್‌ಡಿಎಂಸಿ ಕಾಯ್ದೆ ಜಾರಿಯಲ್ಲಿದೆ. ಕಾಯ್ದೆಯ 63ನೇ ಕಲಮಿನಂತೆ ಕಟ್ಟಡಕ್ಕೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದು ಎಂದು ನಿರ್ಧರಿಸಿ, ರಿಪೇರಿ ಮತ್ತು ವಿಮೆಯ ಬಾಬ್ತು ಅದರಲ್ಲಿ ಶೇ. 10 ಕಳೆಯುತ್ತಾರೆ. ಉಳಿದದ್ದು ತೆರಿಗೆಗೆ ಆಧಾರವಾಗುವ ಮೌಲ್ಯ. ಉದಾಹರಣೆಗೆ ವಾರ್ಷಿಕ ಬಾಡಿಗೆ 12 ಲಕ್ಷ ರೂಪಾಯಿ ಎಂದು ನಿಗದಿಯಾದರೆ ಮೌಲ್ಯ 10 ಲಕ್ಷ 80 ಸಾವಿರ.

ಈ ಮೌಲ್ಯವನ್ನು ಏರಿಸುವ ಮುನ್ನ 72ನೇ ಕಲಮಿನಂತೆ ಮಾಲೀಕರಿಗೆ ಕನಿಷ್ಠ ಒಂದು ತಿಂಗಳ ನೋಟಿಸು ಕೊಟ್ಟು ಆಕ್ಷೇಪಣೆ ಕೇಳಬೇಕು. ಈ ಹಂತದಲ್ಲಿ ಠೇವಣಿ ಇಲ್ಲ, ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. ಆದರೆ ಅನೇಕರು ಈ ನೋಟಿಸನ್ನು ಡ್ರಾಯರಿನಲ್ಲಿ ಹಾಕಿ ಮರೆತುಬಿಡುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು ಮನೆಗೆ ಬೀಗ ಬಿದ್ದಿದ್ದರೆ ನೋಟಿಸು ಬಾಗಿಲಿನಡಿಯೇ ಉಳಿಯುವುದೂ ಉಂಟು.

ಆದೇಶ ಹೊರಬಿದ್ದ ಮೇಲೆ 115ನೇ ಕಲಮಿನಂತೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಸಲ್ಲಿಸಬಹುದು. 116ನೇ ಕಲಮು ಅದಕ್ಕೆ ಎರಡು ಷರತ್ತು ಹಾಕಿದೆ. ಒಂದು, 30 ದಿನಗಳ ವಾಯಿದೆ. ತಡವಾದರೆ ತಕ್ಕ ಕಾರಣ ತೋರಿಸಿ ನ್ಯಾಯಾಧೀಶರ ಮನವೊಲಿಸಬೇಕು. ಎರಡು, ತಕರಾರಿನಲ್ಲಿರುವ ಮೊತ್ತವನ್ನು ಪರಿಷತ್ತಿನ ಕಚೇರಿಯಲ್ಲಿ ಠೇವಣಿ ಇಡಬೇಕು. ಶೇ. 10 ಅಥವಾ ಶೇ. 20 ಎಂಬ ರಿಯಾಯಿತಿ ಇಲ್ಲಿಲ್ಲ, ತಕರಾರಿನ ಮೊತ್ತ ಪೂರ್ತಿ ಕಟ್ಟಬೇಕು.

ಒಂದು ಮನೆಯ ಲೆಕ್ಕ

ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. ನಿವೃತ್ತ ದಂಪತಿಗೆ ಹಿಂದಿನ ಕೆಲವು ವರ್ಷಗಳದ್ದೂ ಸೇರಿ 6 ಲಕ್ಷ ರೂಪಾಯಿಯ ಬೇಡಿಕೆ ಬಂದಿದೆ. ತಮ್ಮ ಲೆಕ್ಕದಂತೆ 2 ಲಕ್ಷ ಮಾತ್ರ ನ್ಯಾಯ ಎಂಬುದು ಅವರ ವಾದ. ಒಪ್ಪಿಕೊಂಡ 2 ಲಕ್ಷ ಹೇಗೂ ಕಟ್ಟಲೇಬೇಕು. ಉಳಿದ 4 ಲಕ್ಷ ತಕರಾರಿನ ಮೊತ್ತ, ಅದು ಠೇವಣಿಯಾಗಿ ಹೋಗಬೇಕು. ಅಂದರೆ ಮೇಲ್ಮನವಿಯ ವಿಚಾರಣೆ ಆಗಬೇಕಾದರೆ ಮನೆಯಿಂದ 6 ಲಕ್ಷವೂ ಹೊರಡಬೇಕು.

ಆ 4 ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ ಆಗಿದ್ದರೆ ಶೇ. 7ರ ಸಾದಾ ಬಡ್ಡಿಯಂತೆ ವರ್ಷಕ್ಕೆ 28 ಸಾವಿರ ರೂಪಾಯಿ. ವ್ಯಾಜ್ಯ ಮೂರು ವರ್ಷ ನಡೆದರೆ 84 ಸಾವಿರ. ಪಿಂಚಣಿಯ ಜೊತೆಗೆ ಆ ಬಡ್ಡಿಯಿಂದಲೇ ಔಷಧಿಯ ಖರ್ಚು ನಿಭಾಯಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಹಣ ಹೊಂದಿಸಲಾಗದೆ ಸುಮ್ಮನಾದರೆ ತಪ್ಪು ಲೆಕ್ಕವೇ ಖಾಯಂ ಆಗುತ್ತದೆ, ಮುಂದಿನ ವರ್ಷಗಳ ಬಿಲ್ಲೂ ಅದೇ ಲೆಕ್ಕದಲ್ಲಿ ಬರುತ್ತಾ ಹೋಗುತ್ತದೆ.

1992ರ ತೀರ್ಪು ತೆರೆದ ಸಣ್ಣ ಕಿಟಕಿ

ಈ ಷರತ್ತು ನ್ಯಾಯವೇ ಎಂದು ದಿಲ್ಲಿಯ ಆಸ್ತಿ ಮಾಲೀಕರು ಹಿಂದೆಯೇ ಪ್ರಶ್ನಿಸಿದ್ದರು. 1957ರ ದಿಲ್ಲಿ ಮಹಾನಗರ ಪಾಲಿಕೆ ಕಾಯ್ದೆಯ 170ನೇ ಕಲಮಿನಲ್ಲೂ ಇಂಥದೇ ಷರತ್ತಿದೆ. ಶ್ಯಾಮ್ ಕಿಶೋರ್ ಮತ್ತು ದಿಲ್ಲಿ ಮಹಾನಗರ ಪಾಲಿಕೆ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಆ ಕಲಮನ್ನು ಎತ್ತಿಹಿಡಿಯಿತು. ಆದರೆ ಅದರ ಅರ್ಥವನ್ನು ಸ್ವಲ್ಪ ಸಡಿಲಿಸಿತು.

ಕಲಮಿನಲ್ಲಿ ಇರುವುದು ಮೇಲ್ಮನವಿಯನ್ನು 'ಆಲಿಸಬಾರದು, ತೀರ್ಮಾನಿಸಬಾರದು' ಎಂಬ ಮಾತು. ಸಲ್ಲಿಸಲೇಬಾರದು ಎಂದು ಅದು ಹೇಳಿಲ್ಲ. ಆದ್ದರಿಂದ ಹಣ ಪೂರ್ತಿ ಕೈಯಲ್ಲಿ ಇಲ್ಲದಿದ್ದರೂ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆಗೆ ಬರುವ ಹೊತ್ತಿಗೆ ಠೇವಣಿ ಪೂರ್ತಿಯಾಗಿರಬೇಕು. ಅರ್ಹ ಪ್ರಕರಣಗಳಲ್ಲಿ ನ್ಯಾಯಾಧೀಶರು ವಿಚಾರಣೆ ಮುಂದೂಡಿ ಸಮಯ ಕೊಡಬಹುದು, ಕಂತುಗಳಲ್ಲಿ ಕಟ್ಟಲೂ ಅವಕಾಶ ಮಾಡಿಕೊಡಬಹುದು. ಆದರೆ ಮೇಲ್ಮನವಿ ತೀರ್ಮಾನವಾಗುವ ತನಕ ವಸೂಲಿಗೇ ತಡೆ ಕೊಡುವ ಅಧಿಕಾರ ಅವರಿಗಿಲ್ಲ.

ಕಂತಿನ ಈ ಸೌಲಭ್ಯ ಅನೇಕರಿಗೆ ತಿಳಿದಿಲ್ಲ. "ದುಡ್ಡು ಜೋಡಿಸಿಕೊಂಡ ಮೇಲೆ ಅಪೀಲು ಹಾಕೋಣ" ಎಂದು ಕಾಯುತ್ತಾ 30 ದಿನ ಕಳೆದುಕೊಳ್ಳುವುದು ಅತಿ ದೊಡ್ಡ ತಪ್ಪು. ಮೊದಲು ಮೇಲ್ಮನವಿ ದಾಖಲಾಗಲಿ, ಜೊತೆಯಲ್ಲೇ ಕಂತಿಗೆ ಅರ್ಜಿ ಹೋಗಲಿ.

ಹತ್ತು ವರ್ಷ ನಡೆದ ಬೈಲಾ ವ್ಯಾಜ್ಯ

ಲೆಕ್ಕ ತಪ್ಪಾದಾಗ ಮೇಲ್ಮನವಿ. ಲೆಕ್ಕದ ನಿಯಮವೇ ತಪ್ಪಾಗಿದ್ದರೆ? ಎನ್‌ಡಿಎಂಸಿ 2009ರಲ್ಲಿ ವಾರ್ಷಿಕ ಬಾಡಿಗೆ ನಿರ್ಧರಿಸಲು ಹೊಸ ಬೈಲಾಗಳನ್ನು ತಂದು, ಚದರ ಅಳತೆಗೆ ದರ ಕಟ್ಟುವ 'ಯೂನಿಟ್ ಏರಿಯಾ' ಪದ್ಧತಿಯನ್ನು ಜಾರಿಗೊಳಿಸಿತು. ಮೂಲ ಕಾಯ್ದೆಯಲ್ಲಿ ಇಲ್ಲದ ಪದ್ಧತಿಯನ್ನು ಬೈಲಾ ಮೂಲಕ ತರುವಂತಿಲ್ಲ ಎಂದು ನಿವಾಸಿಗಳು ಹೈಕೋರ್ಟಿಗೆ ಹೋದರು. 2017ರಲ್ಲಿ ದಿಲ್ಲಿ ಹೈಕೋರ್ಟ್ ಬೈಲಾಗಳನ್ನು ರದ್ದುಗೊಳಿಸಿತು. ಎನ್‌ಡಿಎಂಸಿ ಸುಪ್ರೀಂ ಕೋರ್ಟಿಗೆ ಹೋದಾಗ 2019ರ ಜನವರಿ 22ರಂದು ಅಲ್ಲಿಯೂ ನಿವಾಸಿಗಳ ಪರವಾಗಿಯೇ ತೀರ್ಪು ಬಂತು.

ಇದರಲ್ಲಿ ಗಮನಿಸಬೇಕಾದ ಅಂಶ ಎರಡು. ಹೈಕೋರ್ಟಿನ ರಿಟ್ ಅರ್ಜಿಗೆ 116ನೇ ಕಲಮಿನ ಠೇವಣಿ ಷರತ್ತು ಅನ್ವಯಿಸದು. ಆದರೆ ಪ್ರತಿಯೊಂದು ಮನೆಯ ಲೆಕ್ಕದ ಜಗಳಕ್ಕೂ ರಿಟ್ ದಾರಿ ತೆರೆದಿರುವುದಿಲ್ಲ. ಮೇಲ್ಮನವಿ ಇದೆಯಲ್ಲ, ಅಲ್ಲಿಗೆ ಹೋಗಿ ಎಂದು ಹೈಕೋರ್ಟ್ ಹೇಳಬಹುದು. ಎರಡನೆಯದಾಗಿ, ಸುಪ್ರೀಂ ಕೋರ್ಟಿನಲ್ಲಿ ಎನ್‌ಡಿಎಂಸಿಗೆ ಎದುರಾಗಿ ನಿಂತದ್ದು 'ಅಸೋಸಿಯೇಶನ್ ಆಫ್ ಕನ್ಸರ್ನ್ಡ್ ಸಿಟಿಜನ್ಸ್ ಆಫ್ ನ್ಯೂಡೆಲ್ಲಿ' ಎಂಬ ಸಂಘ. ಒಬ್ಬೊಬ್ಬರೇ ಭರಿಸಲಾಗದ ವ್ಯಾಜ್ಯವನ್ನು ಒಟ್ಟಾಗಿ ನಡೆಸಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ರಿಂಗ್ ರೋಡ್ ದಾಟಿದರೆ ಎಂಸಿಡಿ

ದಿಲ್ಲಿ ಕನ್ನಡಿಗರ ಹೆಚ್ಚಿನ ಮನೆಗಳಿರುವುದು ಎನ್‌ಡಿಎಂಸಿಯ ಹೊರಗೆ. ಆರ್.ಕೆ. ಪುರಂ, ಮುನಿರ್ಕಾ, ದ್ವಾರಕಾ, ರೋಹಿಣಿ, ಮಯೂರ್ ವಿಹಾರ್ ಎಲ್ಲವೂ ಮಹಾನಗರ ಪಾಲಿಕೆಯ, ಅಂದರೆ ಎಂಸಿಡಿಯ ವ್ಯಾಪ್ತಿ. ಅಲ್ಲಿ 2003ರ ತಿದ್ದುಪಡಿಯ ಬಳಿಕ, 2004ರ ಏಪ್ರಿಲ್‌ನಿಂದ ಯೂನಿಟ್ ಏರಿಯಾ ಪದ್ಧತಿ ಕಾನೂನುಬದ್ಧವಾಗಿಯೇ ಬಂದಿದೆ. ಮಾಲೀಕರೇ ಲೆಕ್ಕ ಹಾಕಿ ಕಟ್ಟುತ್ತಾರೆ. ಅಧಿಕಾರಿ ಅದನ್ನು ಒಪ್ಪದೆ ಹೆಚ್ಚಿಗೆ ನಿಗದಿಪಡಿಸಿದರೆ ಮುನಿಸಿಪಲ್ ಟ್ಯಾಕ್ಸೇಶನ್ ಟ್ರಿಬ್ಯೂನಲ್‌ಗೆ ಹೋಗಬೇಕು. ಠೇವಣಿಯ ಷರತ್ತು ಅಲ್ಲಿಯೂ ತಪ್ಪಿದ್ದಲ್ಲ.

ಹಳೆಯ ಕಾಗದ ಹುಡುಕುವವರಿಗೆ ಒಂದು ಸೂಚನೆ. ಎಂಸಿಡಿ 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಭಾಗವಾಗಿ 2022ರ ಮೇ ತಿಂಗಳಲ್ಲಿ ಮತ್ತೆ ಒಂದಾಯಿತು. ಆ ಹತ್ತು ವರ್ಷಗಳ ರಸೀದಿಗಳಲ್ಲಿ ಬೇರೆ ಬೇರೆ ಹೆಸರಿರುತ್ತದೆ. ಉತ್ತರ ದಿಲ್ಲಿ ಪಾಲಿಕೆಯನ್ನೂ ಆಗ ಎನ್‌ಡಿಎಂಸಿ ಎಂದೇ ಕರೆಯುತ್ತಿದ್ದುದರಿಂದ ಗೊಂದಲವಾಗುವುದು ಸಹಜ. ಹೆಸರು ಬೇರೆ ಎಂದು ರಸೀದಿ ಎಸೆಯಬಾರದು.

ಹೊಟೇಲು, ಅಂಗಡಿಯವರಿಗೆ ಜಿಎಸ್‌ಟಿ ಲೆಕ್ಕ

2025ರ ಜುಲೈಯಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ನೋಟಿಸುಗಳು ಬಂದು ದೊಡ್ಡ ಸುದ್ದಿಯಾಗಿತ್ತು. ನೋಟಿಸು ಬೇರೆ, ಆದೇಶ ಬೇರೆ ಎಂಬುದನ್ನು ವ್ಯಾಪಾರಸ್ಥರು ಮೊದಲು ತಿಳಿಯಬೇಕು. ನೋಟಿಸಿಗೆ ಉತ್ತರ ಕೊಡಬೇಕು, ಅದಕ್ಕೆ ಠೇವಣಿ ಇಲ್ಲ. ಆದೇಶ ಬಂದ ಮೇಲೆ ಮಾತ್ರ ಮೇಲ್ಮನವಿಯೂ ಠೇವಣಿಯೂ.

ಜಿಎಸ್‌ಟಿ ಕಾಯ್ದೆಯ 107ನೇ ಕಲಮಿನಂತೆ ಆದೇಶ ತಲುಪಿದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗಬಹುದು. ಒಪ್ಪಿಕೊಂಡ ಭಾಗವನ್ನು ಪೂರ್ತಿ ಕಟ್ಟಿ, ತಕರಾರಿನ ತೆರಿಗೆಯ ಶೇ. 10 ಠೇವಣಿ ಇಡಬೇಕು. ಈ ಶೇ. 10 ತೆರಿಗೆಯ ಮೇಲೆ ಮಾತ್ರ, ತಕರಾರಿನ ಬಡ್ಡಿ ಮತ್ತು ದಂಡ ಲೆಕ್ಕಕ್ಕೆ ಸೇರುವುದಿಲ್ಲ. ತಕರಾರಿನ ತೆರಿಗೆ 7 ಲಕ್ಷ, ಅದರ ಬಡ್ಡಿ 3 ಲಕ್ಷ ಎಂದಿದ್ದರೆ ಕಟ್ಟಬೇಕಾದದ್ದು 70 ಸಾವಿರ. ಅಷ್ಟು ಕಟ್ಟಿದರೆ ಉಳಿದ ತಕರಾರಿನ ಮೊತ್ತದ ವಸೂಲಿ ತಾನಾಗಿಯೇ ನಿಲ್ಲುತ್ತದೆ. ಬರೀ ದಂಡ ವಿಧಿಸಿದ ಆದೇಶಗಳಿಗೆ ದಂಡದ ಶೇ. 10 ಕಟ್ಟಬೇಕೆಂಬ ನಿಯಮ 2025ರ ಹಣಕಾಸು ಕಾಯ್ದೆಯ ಮೂಲಕ ಬಂತು.

ಅಲ್ಲಿಯೂ ಸೋತರೆ ಮುಂದಿನದು ಜಿಎಸ್‌ಟಿ ನ್ಯಾಯಮಂಡಳಿ. ಬಹಳ ವರ್ಷ ಕಾಗದದ ಮೇಲೆಯೇ ಇದ್ದ ಇದು 2025ರ ಸೆಪ್ಟೆಂಬರ್ 24ರಂದು ಹೊಸದಿಲ್ಲಿಯಲ್ಲಿ ಉದ್ಘಾಟನೆಗೊಂಡಿತು. ಇಲ್ಲಿಗೆ ಹೋಗಲು ಇನ್ನೂ ಶೇ. 10 ಸೇರಿಸಬೇಕು. ಮೊದಲು ಇದು ಶೇ. 20 ಇತ್ತು, 2024ರಲ್ಲಿ ಇಳಿಸಲಾಯಿತು. ಮೇಲಿನ ಉದಾಹರಣೆಯಲ್ಲಿ ಮತ್ತೆ 70 ಸಾವಿರ, ಒಟ್ಟು 1 ಲಕ್ಷ 40 ಸಾವಿರ. ಗೆದ್ದರೆ ಠೇವಣಿ ಕಟ್ಟಿದ ದಿನದಿಂದಲೇ ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು 115ನೇ ಕಲಮು ಹೇಳುತ್ತದೆ.

ಆದಾಯ ತೆರಿಗೆ: ಬಾಗಿಲು ತೆರೆದಿದೆ, ವಸೂಲಿ ನಿಂತಿಲ್ಲ

ಆದಾಯ ತೆರಿಗೆಯಲ್ಲಿ ಮೊದಲ ಮೇಲ್ಮನವಿಗೆ ತಕರಾರಿನ ಹಣದ ಠೇವಣಿ ಇಲ್ಲ. ರಿಟರ್ನಿನಲ್ಲಿ ತಾವೇ ತೋರಿಸಿದ ಆದಾಯದ ಮೇಲಿನ ತೆರಿಗೆ ಕಟ್ಟಿರಬೇಕು, 30 ದಿನಗಳೊಳಗೆ ಸಲ್ಲಿಸಬೇಕು. 1961ರ ಕಾಯ್ದೆಯಂತೆ ಶುಲ್ಕ 250, 500 ಅಥವಾ 1,000 ರೂಪಾಯಿ. ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಅದಕ್ಕೆ ಅಧಿಕಾರಿಯಲ್ಲಿ ಪ್ರತ್ಯೇಕವಾಗಿ ತಡೆ ಕೇಳಬೇಕು. ನೇರ ತೆರಿಗೆ ಮಂಡಳಿ 2016ರ ಸುತ್ತೋಲೆಯಲ್ಲಿ ಇದಕ್ಕೆ ಶೇ. 15 ಎಂದು, 2017ರ ಜುಲೈಯಲ್ಲಿ ಶೇ. 20 ಎಂದು ನಿಗದಿಪಡಿಸಿತು. 5 ಲಕ್ಷದ ಬೇಡಿಕೆಗೆ 1 ಲಕ್ಷ.

ಶೇ. 20 ಎಂಬುದು ಕಲ್ಲಿನಲ್ಲಿ ಕೆತ್ತಿದ ಮಾತಲ್ಲ. ಪ್ರಕರಣ ನೋಡಿ ಅದಕ್ಕಿಂತ ಕಡಿಮೆಗೂ ತಡೆ ಕೊಡಬಹುದು ಎಂದು ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಕಷ್ಟವಿದ್ದವರು ಪಿಂಚಣಿ, ಆಸ್ಪತ್ರೆ ಖರ್ಚು, ಸಾಲ ಎಲ್ಲವನ್ನೂ ದಾಖಲೆ ಸಮೇತ ಬರೆದು ಕೇಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯೆಂದು ನಿಗದಿಯಾದರೂ ಹಿಂದಿನ ವರ್ಷಗಳ ಬೇಡಿಕೆಗಳಿಗೆ ಹಳೆಯ ಕಾಯ್ದೆಯೇ ಅನ್ವಯ.

ಇದು ನ್ಯಾಯವೇ?

ಸರಕಾರದ ಕಡೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಠೇವಣಿ ಇಲ್ಲದಿದ್ದರೆ ಪ್ರತಿಯೊಬ್ಬರೂ ಅಪೀಲು ಹಾಕಿ ವರ್ಷಗಟ್ಟಲೆ ತೆರಿಗೆ ತಡೆಹಿಡಿಯುತ್ತಾರೆ, ಕಸ ಎತ್ತಲೂ ದೀಪ ಹಾಕಲೂ ಪಾಲಿಕೆಗೆ ಹಣವಿರುವುದಿಲ್ಲ. ಮೇಲ್ಮನವಿಯ ಹಕ್ಕು ಕಾಯ್ದೆಯೇ ಕೊಟ್ಟದ್ದು, ಕೊಡುವಾಗ ಷರತ್ತು ಹಾಕಬಹುದು ಎಂದು 1975ರಲ್ಲೇ ಅಹಮದಾಬಾದಿನ ಅನಂತ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಆದರೆ ಷರತ್ತಿಗೂ ಮಿತಿಯಿದೆ. ಬ್ಯಾಂಕ್ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಲ್ಲಿ ನ್ಯಾಯಮಂಡಳಿಗೆ ಹೋಗಲು ಸಾಲಗಾರರು ಶೇ. 75 ಠೇವಣಿ ಇಡಬೇಕಿತ್ತು. 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಅದು ರದ್ದಾಯಿತು. ಹೆಸರಿಗೆ ಮೇಲ್ಮನವಿಯಾದರೂ ಸಾಲಗಾರರ ಮಾತು ಮೊದಲ ಬಾರಿಗೆ ಕೇಳುವ ಜಾಗವೇ ಅದು, ಅಲ್ಲಿಯೇ ಇಷ್ಟು ಭಾರ ಹೇರುವುದು ಸರಿಯಲ್ಲ ಎಂಬುದು ಕಾರಣ. ಇಟಲಿಯಲ್ಲಿಯೂ ಮೊದಲು ಕಟ್ಟು, ಆಮೇಲೆ ಕೇಳು ಎಂಬ ನಿಯಮವಿತ್ತು. ಹಣವುಳ್ಳವನಿಗೂ ಇಲ್ಲದವನಿಗೂ ಭೇದ ಮಾಡುವ ನಿಯಮವೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯ 1961ರಲ್ಲೇ ಅದನ್ನು ತೆಗೆದುಹಾಕಿತು. ಜಿಎಸ್‌ಟಿಯಲ್ಲಿ ದೊಡ್ಡ ವ್ಯಾಪಾರಿಗೂ ಶೇ. 10 ಸಾಕಾಗುವಾಗ ಮನೆ ತೆರಿಗೆಯಲ್ಲಿ ನಿವೃತ್ತರಿಗೆ ಪೂರ್ತಿ ಹಣ ಏಕೆ ಎಂಬ ಪ್ರಶ್ನೆ ಹಾಗಾಗಿ ಉಳಿದೇ ಇದೆ. ಅದನ್ನು ಬದಲಿಸಬೇಕಾದದ್ದು ಸಂಸತ್ತು.

ಹಣ ಹೊಂದಿಸುವಾಗ

ಠೇವಣಿಗಾಗಿ ಎಫ್‌ಡಿ ಮುರಿಯುವ ಮುನ್ನ ಬ್ಯಾಂಕಿನಲ್ಲಿ ಎಫ್‌ಡಿ ಮೇಲಿನ ಸಾಲದ ಬಗ್ಗೆ ವಿಚಾರಿಸುವುದು ಒಳಿತು. ಅವಧಿ ಮುಗಿಯಲು ಕೆಲವೇ ತಿಂಗಳಿದ್ದರೆ, ಎಫ್‌ಡಿ ಬಡ್ಡಿಗಿಂತ ಒಂದೆರಡು ಶೇಕಡಾ ಹೆಚ್ಚು ಕೊಟ್ಟು ಸಾಲ ಪಡೆಯುವುದೇ ಮುರಿಯುವುದಕ್ಕಿಂತ ಅಗ್ಗವಾಗಬಹುದು. ಅವಧಿ ದೀರ್ಘವಿದ್ದರೆ ಮುರಿಯುವುದೇ ಮೇಲು. ಎರಡೂ ಲೆಕ್ಕವನ್ನು ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಬೇಕು.

ಹಣ ಕಟ್ಟುವಾಗ ಅದು ತಕರಾರಿನೊಂದಿಗೆ ಕಟ್ಟಿದ ಠೇವಣಿ ಎಂದು ಆಸ್ತಿ ಸಂಖ್ಯೆ, ಆದೇಶದ ದಿನಾಂಕ ಸಹಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಸುಮ್ಮನೆ ಕಟ್ಟಿದರೆ ಬೇಡಿಕೆ ಒಪ್ಪಿಕೊಂಡಂತೆ ಕಾಣುವ ಅಪಾಯವಿದೆ. ಚಲನ್, ರಸೀದಿ, ಪಾಸ್‌ಬುಕ್ಕಿನ ಪುಟ ಮೂರರ ನಕಲೂ ಒಂದೇ ಫೈಲಿನಲ್ಲಿರಲಿ. ನೋಟಿಸು ಬಂದ ಲಕೋಟೆಯನ್ನೂ ಎಸೆಯಬಾರದು, ವಾಯಿದೆಯ ಲೆಕ್ಕಕ್ಕೆ ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ.

ಸಂಘ ಸಂಸ್ಥೆಗಳು ಮಾಡಬಹುದಾದದ್ದು

ಸ್ವಂತ ಕಟ್ಟಡವಿರುವ ಸಂಘ, ಶಾಲೆಗಳು ತಮಗೆ ತಾನಾಗಿಯೇ ವಿನಾಯಿತಿ ಉಂಟೆಂದು ಭಾವಿಸಬಾರದು. ಚಿಲ್ಡ್ರನ್ ಬುಕ್ ಟ್ರಸ್ಟ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, ಶುಲ್ಕ ಪಡೆದು ಶಾಲೆ ನಡೆಸಿದ ಮಾತ್ರಕ್ಕೆ ಅದು ಧರ್ಮಾರ್ಥ ಸಂಸ್ಥೆಯಾಗದು, ಸ್ವಯಂಪ್ರೇರಿತ ದೇಣಿಗೆಯ ಆಧಾರವೂ ಇರಬೇಕು ಎಂದಿದೆ. ದೇಣಿಗೆ ರಸೀದಿ, ಸಭೆಯ ನಡಾವಳಿ, ಲೆಕ್ಕಪತ್ರಗಳನ್ನು ಸರಿಯಾಗಿ ಇಟ್ಟಿದ್ದರೆ ಮಾತ್ರ ವಿನಾಯಿತಿಯ ವಾದ ನಿಲ್ಲುತ್ತದೆ.

ಸಂಘಗಳಲ್ಲಿ ವಕೀಲರೂ ಸಿಎಗಳೂ ನಿವೃತ್ತ ಅಧಿಕಾರಿಗಳೂ ಇದ್ದಾರೆ. ರಾಜ್ಯೋತ್ಸವ, ಯುಗಾದಿಗೆ ಸೇರುವಂತೆ ತಿಂಗಳಿಗೊಮ್ಮೆ ಒಂದು ಭಾನುವಾರ ಎರಡು ಗಂಟೆ ಇವರು ಕುಳಿತು ಹಿರಿಯ ಸದಸ್ಯರ ನೋಟಿಸುಗಳನ್ನು ಓದಿ ಹೇಳಿದರೆ ದೊಡ್ಡ ಉಪಕಾರವಾದೀತು. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರುವ ನೋಟಿಸಿನ ಕೊನೆಯ ಸಾಲಿನಲ್ಲಿರುವ ತಾರೀಖನ್ನು ಯಾರಾದರೂ ಸಮಯಕ್ಕೆ ಓದಿ ಹೇಳಿದರೆ ಅರ್ಧ ಕೆಲಸ ಆದಂತೆಯೇ. ಮನೆಯ ಡ್ರಾಯರಿನಲ್ಲಿ ತೆರೆಯದ ಲಕೋಟೆ ಇದ್ದರೆ ಇಂದೇ ತೆರೆದು ನೋಡುವುದು ಒಳ್ಳೆಯದು. ಆಕ್ಷೇಪಣೆಯ ತಿಂಗಳು ಇನ್ನೂ ಮುಗಿದಿರದಿದ್ದರೆ ಠೇವಣಿಯ ಮಾತೇ ಬರದೆ ವಿಷಯ ಅಲ್ಲಿಗೇ ಮುಗಿಯಬಹುದು.